ಬಂದ ದಿನಕ್ಕೂ ಕೆಲಸ ದೊರೆತ ದಿನಕ್ಕೂ ನಡುವೆ

ನಮ್ಮ ಶಾಸನಗಳಲ್ಲಿ ಪರನಾಡಿನಿಂದ ಬಂದವನು ಕಾಣಿಸಿಕೊಳ್ಳುವುದು ಅವನಿಗೆ ಭೂಮಿಯೋ ವೃತ್ತಿಯೋ ದೊರೆತ ಮೇಲೆ. ಬ್ರಾಹ್ಮಣನಾದರೆ ಅಗ್ರಹಾರದಲ್ಲಿ ಅವನಿಗೆ ಬಂದ ಪಾಲೆಷ್ಟು, ಆಚಾರ್ಯನಾದರೆ ಅವನ ಕಾಲು ತೊಳೆದು ಧಾರೆಯೆರೆದುಕೊಟ್ಟ ಹಳ್ಳಿ ಯಾವುದು, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು ಎಂಬುದನ್ನು ಕಲ್ಲು ಚಾಚೂ ತಪ್ಪದೆ ಹೇಳುತ್ತದೆ. ಅದಕ್ಕೆ ಮೊದಲು ಅವನು ಯಾರ ಜಗಲಿಯಲ್ಲಿ ಮಲಗಿದ್ದ, ಎಷ್ಟು ದಿನ ಕಾದ, ಅವನನ್ನು ಅರಸನ ಮುಂದೆ ನಿಲ್ಲಿಸಿ ‘ಈತ ಇಂಥವನು’ ಎಂದವರು ಯಾರು ಎಂಬುದರ ಬಗ್ಗೆ ಮಾತಿಲ್ಲ. ಇದರಲ್ಲಿ ಆಶ್ಚರ್ಯವೂ ಇಲ್ಲ. ಶಾಸನಗಳಲ್ಲಿ ಬಹುಪಾಲು ಆಸ್ತಿಪತ್ರಗಳು. ಆಸ್ತಿಯಿಲ್ಲದವನ ದಿನಚರಿ ಅವಕ್ಕೆ ಬೇಕಾದ ವಿಷಯವಲ್ಲ.

ಬಿ.ಎಲ್. ರೈಸ್ ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ 1902ರಲ್ಲಿ, ಸೊರಬದವನ್ನು ಎಂಟನೆಯ ಸಂಪುಟದಲ್ಲಿ 1904ರಲ್ಲಿ ಪ್ರಕಟಿಸಿದರು. ಈ ಎರಡು ಸಂಪುಟಗಳನ್ನು ಮೂವತ್ತು ವರ್ಷಗಳಿಂದ ತಿರುವಿಹಾಕುತ್ತಿರುವ ನನಗೆ, ಆ ನಡುವಿನ ಕಾಲದ ಮೇಲೆ, ಎಂದರೆ ಬಂದ ದಿನಕ್ಕೂ ಕೆಲಸ ದೊರೆತ ದಿನಕ್ಕೂ ನಡುವಿನ ಅವಧಿಯ ಮೇಲೆ, ಒಂದು ವಿಶೇಷ ಕುತೂಹಲವುಂಟು. ಕಾರಣ ಸರಳ. ನಾನೂ ಈ ನೆಲಕ್ಕೆ ಕೆಲಸ ಹುಡುಕಿಕೊಂಡು ಬಂದವನು.

ತಾಳಗುಂದವನ್ನೇ ನೋಡೋಣ. ಅಲ್ಲಿಯ ಬ್ರಾಹ್ಮಣರನ್ನು ಮುಕ್ಕಣ್ಣ ಕದಂಬನು ಉತ್ತರದ ಅಹಿಚ್ಛತ್ರದಿಂದ ಕರೆತಂದು ಸ್ಥಾಣುಗೂಢೂರಿನ ಅಗ್ರಹಾರದಲ್ಲಿ ನೆಲೆಗೊಳಿಸಿದನೆಂಬ ಕಥೆ ಮುಂದಿನ ಕಾಲದ ಶಾಸನಗಳಲ್ಲಿ ಬರುತ್ತದೆ. ಮೂವತ್ತೆರಡು ಕುಟುಂಬಗಳು, ಹನ್ನೆರಡು ಸಾವಿರ ಅಗ್ನಿಹೋತ್ರಿಗಳು. ಎಣಿಕೆ ಇದೆ, ದಾರಿ ಇಲ್ಲ. ಆದರೆ ಅದೇ ಊರಿನ ಪ್ರಣವೇಶ್ವರ ದೇಗುಲದ ಎದುರಿನ ಕಂಬದಲ್ಲಿ, ಐದನೆಯ ಶತಮಾನದ ನಡುವಿನಲ್ಲಿ ಶಾಂತಿವರ್ಮನ ಕಾಲಕ್ಕೆ ಕುಬ್ಜ ಕವಿ ಬರೆದ ಪದ್ಯಗಳಲ್ಲಿ ಅಹಿಚ್ಛತ್ರದ ಸುಳಿವೇ ಇಲ್ಲ. ಮನೆಯ ಬಳಿ ಬೆಳೆದ ಕದಂಬ ವೃಕ್ಷವನ್ನು ಉಪಚರಿಸಿ ಅದರ ಹೆಸರನ್ನೇ ತಮ್ಮದಾಗಿಸಿಕೊಂಡ ಮನೆತನವೆಂದು ಅವನು ಹೇಳುತ್ತಾನೆ. ಹಳೆಯ ಕಲ್ಲಿನಲ್ಲಿ ಅವರು ಮರದಷ್ಟೇ ಸ್ಥಳೀಯರು. ಶತಮಾನಗಳು ಕಳೆದ ಮೇಲಿನ ಕಲ್ಲುಗಳಲ್ಲಿ ದೂರದಿಂದ ಬಂದವರು. ನೆಲೆಯೂರಿದ ಮೇಲೆ ದೂರದ ಮೂಲ ಒಂದು ಹೆಮ್ಮೆ. ನೆಲೆಯೂರುವ ಮೊದಲು ಅದೇ ಮೂಲ ಒಂದು ತೊಡಕು. ಈ ಮಾತನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಾರೆ. ಪಟ್ಟಣದಲ್ಲಿ ಬಾಡಿಗೆ ಕೋಣೆ ಹುಡುಕಿದವರು ನಗುವುದಿಲ್ಲ.

ಕುಬ್ಜನ ಕಂಬದಲ್ಲಿಯೇ ಕನ್ನಡನಾಡಿನ ವಲಸೆಗಾರನೊಬ್ಬನ ಅತ್ಯಂತ ಹಳೆಯ ಕಥೆಯೂ ಇದೆ. ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಪಲ್ಲವರ ಕಂಚಿಗೆ ಹೋದದ್ದು ಅಲ್ಲಿಯ ಘಟಿಕೆಯಲ್ಲಿ ಓದುವುದಕ್ಕೆ. ಅಲ್ಲಿ ಕುದುರೆ ಸವಾರನೊಡನೆಯೋ ಕುದುರೆ ಲಾಯದವನೊಡನೆಯೋ (ಪದದ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ) ಜಗಳವಾಯಿತು. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು ಎಂಬಲ್ಲಿಗೆ ನಮ್ಮ ಪಠ್ಯಪುಸ್ತಕಗಳು ರೋಮಾಂಚನಗೊಂಡು ನಿಲ್ಲುತ್ತವೆ; ಚಲನಚಿತ್ರವೂ ನಮ್ಮ ಮನಸ್ಸಿನಲ್ಲಿ ಅದನ್ನೇ ಉಳಿಸಿದೆ. ಆದರೆ ಕುಬ್ಜ ಅಲ್ಲಿಗೆ ನಿಲ್ಲುವುದಿಲ್ಲ. ಮಯೂರನು ಪಲ್ಲವರ ಗಡಿಕಾವಲಿನವರನ್ನು ಸೋಲಿಸಿದ, ಶ್ರೀಪರ್ವತದ ಕಾಡು ಹಿಡಿದ, ಬೃಹದ್ಬಾಣರಿಂದ ಕಪ್ಪ ಪಡೆದ. ಕೊನೆಗೆ ಪಲ್ಲವರು ಇವನೊಡನೆ ಸ್ನೇಹ ಬೆಳೆಸಿದರು, ಇವನು ಅವರ ಸೇವೆಗೆ ಸೇರಿ ಯುದ್ಧಗಳಲ್ಲಿ ಪರಾಕ್ರಮ ತೋರಿ ಅವರನ್ನು ಮೆಚ್ಚಿಸಿದ, ಆಮೇಲೆ ಪಟ್ಟಬಂಧವೂ ಪಡುವಣ ಕಡಲಿನವರೆಗಿನ ನೆಲವೂ ದೊರೆತವು. ಎಂದರೆ ಕದಂಬ ರಾಜ್ಯದ ಮೂಲಪುರುಷನ ಮೊದಲ ಉದ್ಯೋಗ, ತನ್ನನ್ನು ಅವಮಾನಿಸಿದ ಊರಿನ ಒಡೆಯರ ಕೈಕೆಳಗಿನದೇ. ಈ ಭಾಗವನ್ನು ನಾವು ಏಕೆ ಬಿಟ್ಟು ಓದುತ್ತೇವೆ? ಬಂಡಾಯದ ಕಥೆಗೆ ನೌಕರಿಯ ಕೊನೆ ಒಪ್ಪುವುದಿಲ್ಲವೆಂದೇ? ನನಗೆ ಮಾತ್ರ ಕುಬ್ಜನ ಪ್ರಾಮಾಣಿಕತೆ ಇಲ್ಲಿಯೇ ಹೆಚ್ಚು ಕಾಣುತ್ತದೆ.

ನಾನು ಶಿಕಾರಿಪುರಕ್ಕೆ ಬಂದದ್ದು 1994ರ ಜೂನ್ ತಿಂಗಳಲ್ಲಿ. ಊರು ಬೆಳಗಾವಿ ಜಿಲ್ಲೆಯ ಕೃಷ್ಣಾ ತೀರ, ಧಾರವಾಡದಲ್ಲಿ ಎಂ.ಎ. ಮುಗಿದು ಒಂದು ವರ್ಷವಾಗಿತ್ತು. ಹಾವೇರಿ, ಹಿರೇಕೆರೂರು ದಾಟಿ ಬಂದ ಬಸ್ಸು ಶಿರಾಳಕೊಪ್ಪದಲ್ಲಿ ಬಹಳ ಹೊತ್ತು ನಿಂತಿತು. ಬಳ್ಳಿಗಾವೆಯೂ ತಾಳಗುಂದವೂ ಅಲ್ಲೇ ಆಸುಪಾಸಿನಲ್ಲಿವೆಯೆಂದು ಪುಸ್ತಕದಿಂದ ಗೊತ್ತಿತ್ತು. ಹೊರಗೆ ಮಳೆ ಹನಿಯುತ್ತಿತ್ತು. ನಮ್ಮ ಕಡೆ ಮಳೆ ಬಂದರೆ ಹೊಲದ ಮಾತು. ಇಲ್ಲಿ ಜನ ಅದನ್ನು ಗಮನಿಸಿದಂತೆಯೇ ಕಾಣಲಿಲ್ಲ.

ನನ್ನನ್ನು ಕರೆಸಿಕೊಂಡಿದ್ದ ಖಾಸಗಿ ಕಾಲೇಜಿನ ಹೆಸರು ಇಲ್ಲಿ ಬೇಡ. ಗಂಟೆಯ ಲೆಕ್ಕದ ಕೆಲಸ. ದಾಖಲಾತಿ ಮುಗಿದ ಮೇಲೆ ಆದೇಶ ಕೊಡುತ್ತೇವೆ, ಅಲ್ಲಿಯವರೆಗೆ ತರಗತಿ ತೆಗೆದುಕೊಳ್ಳುತ್ತಿರಿ ಎಂದರು. ಆಡಳಿತ ಮಂಡಳಿಯ ಹಿರಿಯರೊಬ್ಬರು ನನ್ನ ಅಂಕಪಟ್ಟಿಗಳನ್ನು ಮಡಚಿ ಕೈಗಿಟ್ಟು, “ಎಂ.ಎ. ಓದಿದೋರು ಬೇಕಾದಷ್ಟು ಜನ ಇದಾರೆ. ಈ ಊರಲ್ಲಿ ನಿಮ್ಮನ್ನ ಬಲ್ಲೋರು ಯಾರಿದಾರೆ, ಅದನ್ನ ಹೇಳಿ” ಎಂದು ಕೇಳಿದರು. ಅದು ಕುಹಕವಾಗಿರಲಿಲ್ಲ. ಅವರ ಲೆಕ್ಕದಲ್ಲಿ ಅದೇ ನಿಜವಾದ ಸಂದರ್ಶನ. ನನ್ನನ್ನು ಬಲ್ಲವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಕೋಣೆ ಹುಡುಕುವಾಗಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬಂತು. “ಯಾವ ಜನ?” ಎಂದು ಕೇಳಿದರು. ಜೈನರೆಂದೆ. “ಮಾರ್ವಾಡಿಗಳಾ? ಅಂಗಡಿ ಹಾಕ್ತೀರಾ?” ಎಂದರು. ಬಂದಳಿಕೆಯ ಶಾಂತಿನಾಥ ಬಸದಿ ಇದೇ ತಾಲ್ಲೂಕಿನಲ್ಲಿದೆ. ಉದ್ಧರೆ, ಕುಪ್ಪಟೂರು ಪಕ್ಕದ ಸೊರಬದಲ್ಲಿವೆ. 1068ರಲ್ಲಿ ಸುಕುಮಾರಚರಿತವನ್ನು ಬರೆದ ಶಾಂತಿನಾಥನು ಬಳ್ಳಿಗಾವೆಯಲ್ಲಿದ್ದುಕೊಂಡೇ ಲಕ್ಷ್ಮರಸನ ಅಧಿಕಾರಿಯಾಗಿ, ಮರದ ಬಸದಿಯೊಂದನ್ನು ಕಲ್ಲಿನದಾಗಿಸಲು ಕಾರಣನಾದವನು. ಅಂಥ ನೆಲದಲ್ಲಿ ಬೇಸಾಯಗಾರ ಜೈನನೆಂಬುದನ್ನು ವಿವರಿಸಬೇಕಾದ ಪ್ರಸಂಗ ಬಂದದ್ದು ಚರಿತ್ರೆಯ ವಿದ್ಯಾರ್ಥಿಗೆ ಒಳ್ಳೆಯ ಪಾಠ. ಕೊನೆಗೆ ಹುಚ್ಚರಾಯನ ಕೆರೆಯ ಕಡೆ ಒಂದು ಹಂಚಿನ ಮನೆಯ ಮುಂಗೋಣೆ ದೊರೆಯಿತು.

ಊಟದ್ದು ಬೇರೆಯೇ ತೊಡಕು. ಹೊತ್ತು ಮುಳುಗಿದ ಮೇಲೆ ಉಣ್ಣುವ ರೂಢಿ ನಮ್ಮ ಮನೆಯಲ್ಲಿಲ್ಲ. ನೆಲದೊಳಗೆ ಬೆಳೆಯುವ ಗೆಡ್ಡೆಗಳೂ ಇಲ್ಲ. ಖಾನಾವಳಿಗಳ ಒಲೆ ಹೊತ್ತುವುದೇ ದೀಪ ಹಚ್ಚಿದ ಮೇಲೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದ ವಯಸ್ಸಾದ ತಾಯಿಯೊಬ್ಬರಿಗೆ ಸಂಕೋಚದಿಂದಲೇ ಇದನ್ನು ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: “ಬೆಳ್ಳುಳ್ಳಿನೂ ತಿನ್ನಲ್ವಾ?” ಇಲ್ಲವೆಂದೆ. “ಹಂಗಾದ್ರೆ ಹೊತ್ತು ಮುಳುಗೋ ಮುಂಚೆ ಬಂದ್ಬಿಡಿ ಮೇಷ್ಟ್ರೇ. ಪಲ್ಯಕ್ಕೆ ಒಗ್ಗರಣೆ ಹಾಕೋ ಮೊದ್ಲೇ ನಿಮ್ದೊಂದು ತೆಗೆದಿಡ್ತೀನಿ” ಎಂದರು. ಕೆಲಸದ ಆದೇಶ ಇನ್ನೂ ಕೈಗೆ ಬಂದಿರದಿದ್ದ ನನ್ನನ್ನು ಮೇಷ್ಟ್ರೇ ಎಂದು ಆ ಊರಿನಲ್ಲಿ ಮೊದಲು ಕರೆದವರು ಅವರೇ. ತಿಂಗಳಿಗೆ ಮುನ್ನೂರು ರೂಪಾಯಿ. ಮೊದಲ ತಿಂಗಳು ಕೊಟ್ಟೆ. ಎರಡನೆಯದರಿಂದ ಅವರ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಗೆರೆಗಳು ಬೆಳೆಯತೊಡಗಿದವು.

ಆರು ವಾರ ಪಾಠ ಮಾಡಿದೆ. ‘ಹೌದ್ರೀ’, ‘ಬ್ಯಾಡ್ರೀ’ ಎಂಬ ನನ್ನ ಮಾತನ್ನು ಹಿಂದಿನ ಬೆಂಚಿನವರು ಅಣಕಿಸಿ, ಆಮೇಲೆ ಅದಕ್ಕೆ ಒಗ್ಗಿಕೊಂಡರು. ದಾಖಲಾತಿ ಮುಗಿಯಿತು, ಆದೇಶ ಬಂದದ್ದು ಇನ್ನೊಬ್ಬರಿಗೆ. ಆರು ವಾರದ ಸಂಬಳದ ಮಾತೆತ್ತಿದಾಗ ‘ಆದೇಶವೇ ಇಲ್ಲದ ಮೇಲೆ ಬಿಲ್ಲು ಹೇಗೆ ಮಾಡುವುದು’ ಎಂಬ ಉತ್ತರ ದೊರೆಯಿತು. ಇಂದು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿರುವ ನನ್ನ ಶಿಷ್ಯರಿಗೆ ಈ ವಾಕ್ಯ ಹೊಸದಲ್ಲ.

ಆ ದಿನಗಳಲ್ಲಿ ಬಿಡುವಿದ್ದಾಗಲೆಲ್ಲ ಬಳ್ಳಿಗಾವೆಗೆ ಹೋಗಿ ಕೂರುತ್ತಿದ್ದೆ. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ, ಬಿಜ್ಜಳನ ಕಾಲದ್ದು, ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತ. ಅಲ್ಲಿ ಕಲಿಸುತ್ತಿದ್ದ ವಿದ್ಯೆಗಳ ಪಟ್ಟಿಯನ್ನು ಎಲ್ಲರೂ ಉದ್ಧರಿಸುತ್ತಾರೆ: ವೇದಗಳು, ವ್ಯಾಕರಣಗಳು, ಷಡ್ದರ್ಶನಗಳು, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕ. ಕಾಳಾಮುಖರ ಆ ಮಠವನ್ನು ವಿಶ್ವವಿದ್ಯಾಲಯವೆಂದು ಕರೆದು ಹೆಮ್ಮೆಪಡುವುದು ನಮ್ಮ ವಿಚಾರಸಂಕಿರಣಗಳ ವಾಡಿಕೆಯಾಗಿಬಿಟ್ಟಿದೆ. ಕೆಲಸವಿಲ್ಲದೆ ಕುಳಿತಿದ್ದ ನನಗೆ ಹಿಡಿಸಿದ್ದು ಅದಲ್ಲ, ಅದರ ನಂತರ ಬರುವ ಇನ್ನೊಂದು ಪಟ್ಟಿ. ಯಾರನ್ನೂ ತಡೆಯದೆ ಅನ್ನವಿಕ್ಕುವ ಸ್ಥಾನವದು ಎಂದು ಹೇಳುತ್ತ ಶಾಸನವು ಉಣ್ಣುವವರನ್ನು ಹೆಸರಿಸುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇದ್ದಾರೆ, ಇದು ನಿರೀಕ್ಷಿತ. ಸಂನ್ಯಾಸಿಗಳ ಬಗೆಗಳೆಲ್ಲ ಇವೆ, ಇದೂ ನಿರೀಕ್ಷಿತ. ಆದರೆ ಇವೆರಡರ ನಡುವೆ ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲೂದುವವರು, ಕುಣಿಯುವವರು, ವೈತಾಳಿಕರು ಬರುತ್ತಾರೆ. ಇವರು ಕೈಲಾಗದವರೂ ಅಲ್ಲ, ಲೋಕ ಬಿಟ್ಟವರೂ ಅಲ್ಲ. ಕಸುಬು ಬಲ್ಲವರು.

ಹಾಗಿದ್ದರೆ ಕೊಳಲೂದುವವನು ಕುರುಡನ ಪಂಕ್ತಿಯಲ್ಲಿ ಏಕೆ ಕುಳಿತ? ಬಳ್ಳಿಗಾವೆ ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿ, ಐಯಾವೊಳೆಯ ಸ್ವಾಮಿಗಳು, ನಾನಾದೇಸಿ ವರ್ತಕರು ಓಡಾಡಿದ ಪಟ್ಟಣ, ದೇವಾಲಯಗಳು ಒಂದೆರಡಲ್ಲ. ನಾನಾ ಕಡೆಯಿಂದ ಕಲಾವಿದರು ಇಲ್ಲಿಗೆ ಬಂದದ್ದು ದೇವಸ್ಥಾನದಲ್ಲೋ ಸಾಮಂತನ ಓಲಗದಲ್ಲೋ ಒಂದು ವೃತ್ತಿ ಸಿಕ್ಕೀತೆಂದು. ಸಿಕ್ಕವನ ಹೆಸರು ಇನ್ನೊಂದು ಕಲ್ಲಿನಲ್ಲಿ, ಭೂಮಿಯ ಲೆಕ್ಕದೊಡನೆ ಬಂದೀತು. ಸಿಗುವವರೆಗೆ ಅವನು ಉಂಡದ್ದು ಕೋಡಿಯಮಠದಲ್ಲಿ. ಈ ಪಟ್ಟಿಯನ್ನು ದಾನದ ಹೆಚ್ಚಳವೆಂದಷ್ಟೇ ಓದದೆ, ಕೆಲಸ ಅರಸುವವರ ಪಟ್ಟಿಯೆಂದೂ ಓದಬೇಕೆಂಬುದು ನನ್ನ ಅಭಿಪ್ರಾಯ. ಇದಕ್ಕೊಂದು ಆಕ್ಷೇಪವುಂಟು, ಅದನ್ನು ನಾನೇ ಹೇಳಿಬಿಡುತ್ತೇನೆ. ಆ ಪಟ್ಟಿಯಲ್ಲಿ ಕ್ಷಪಣಕರೂ ಇದ್ದಾರೆ, ಎಂದರೆ ದಿಗಂಬರ ಮುನಿಗಳು. ನಮ್ಮ ಮುನಿಗಳು ಅನ್ನಸತ್ರದ ಪಂಕ್ತಿಯಲ್ಲಿ ಕೂರುವವರಲ್ಲ. ಶ್ರಾವಕರ ಮನೆಯಲ್ಲಿ ನಿಂತು, ಅಂಗೈಯನ್ನೇ ಪಾತ್ರೆ ಮಾಡಿಕೊಂಡು, ದಿನಕ್ಕೊಮ್ಮೆ ಆಹಾರ ಸ್ವೀಕರಿಸುವವರು. ಆದ್ದರಿಂದ ಪಟ್ಟಿಯಲ್ಲಿ ಪ್ರಾಸದ ಓಘಕ್ಕೆ ಬಂದ ಹೆಸರುಗಳೂ ಇವೆಯೆಂದು ಒಪ್ಪಬೇಕು. ಆದರೂ ಬರೆದವನಿಗೆ ಗಾಯಕ, ವಾಂಶಿಕರ ನೆನಪು ಅನ್ನದ ಸಂದರ್ಭದಲ್ಲಿ ಬಂತಲ್ಲ! ಹಸಿದ ಸಂಗೀತಗಾರನನ್ನು ಅವನು ಕಂಡಿದ್ದ.

ಈ ನಡುವಿನ ಕಾಲವನ್ನು ತಾವೇ ಬರೆದಿಟ್ಟವರು ಕವಿಗಳು. ಕಾಶ್ಮೀರದ ಬಿಲ್ಹಣ ವಿಕ್ರಮಾಂಕದೇವಚರಿತದ ಹದಿನೆಂಟನೆಯ ಸರ್ಗವನ್ನು ತನಗಾಗಿಯೇ ಮೀಸಲಿಟ್ಟ. ಊರು ಬಿಟ್ಟು ಮಥುರೆ, ಕನ್ಯಾಕುಬ್ಜ, ಪ್ರಯಾಗ, ಕಾಶಿಗಳನ್ನು ಸುತ್ತಿದ. ಡಾಹಲದ ಕರ್ಣನ ಆಸ್ಥಾನದಲ್ಲಿ ಕೆಲಕಾಲ ನಿಂತ. ಧಾರೆಯ ಭೋಜನನ್ನು ಕಾಣಲಾಗಲಿಲ್ಲವೆಂದು ಕೊರಗಿದ. ಗುರ್ಜರರ ಉಡುಗೆಯನ್ನೂ ನುಡಿಯನ್ನೂ ಹಳಿದ. ಸೋಮನಾಥ, ಸೇತುಗಳನ್ನು ಕಂಡು ಕೊನೆಗೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನಿಂದ ವಿದ್ಯಾಪತಿಯಾದ. ಆ ವಿಕ್ರಮಾದಿತ್ಯನೂ ಅರಸನಾಗುವ ಮೊದಲು ನಮ್ಮ ಬನವಾಸಿ ನಾಡಿನ ಆಡಳಿತ ನೋಡಿದವನೇ. ಬಿಲ್ಹಣನ ಗುರ್ಜರನಿಂದೆಯನ್ನು ಓದುವಾಗ ನನಗೆ ಕೋಪ ಬರುವುದಿಲ್ಲ. ಕೆಲಸ ಸಿಗದ ಊರಿನ ಜನರ ಪಂಚೆಯ ಕಚ್ಚೆಯೂ ಕಣ್ಣಿಗೆ ಚುಚ್ಚುತ್ತದೆ. ಆ ಕಾವ್ಯದ ಹಸ್ತಪ್ರತಿಯನ್ನು ಬ್ಯೂಲರ್ 1874ರಲ್ಲಿ ಕಂಡುಕೊಂಡದ್ದು ಜೈಸಲ್ಮೇರಿನ ಜೈನ ಭಂಡಾರದಲ್ಲಿ. ಪಶ್ಚಿಮದವರನ್ನು ಹಳಿದವನ ಕೃತಿಯನ್ನು ಶತಮಾನಗಳ ಕಾಲ ಬಟ್ಟೆ ಸುತ್ತಿ ಕಾಪಾಡಿದವರೂ ಪಶ್ಚಿಮದವರೇ.

ರನ್ನನದು ಇನ್ನಷ್ಟು ಹತ್ತಿರದ ಕಥೆ. ಮುದುವೊಳಲಿನ ಬಳೆಗಾರರ ಮನೆಯ ಹುಡುಗ, ತೆಂಕಣಕ್ಕೆ ಬಂದು ಅಜಿತಸೇನಾಚಾರ್ಯರ ಶಿಷ್ಯನಾಗಿ ಚಾವುಂಡರಾಯನ ಆಶ್ರಯ ಪಡೆದವನು. ಆಮೇಲೆ ತೈಲಪನ ಕವಿಚಕ್ರವರ್ತಿ, ಅತ್ತಿಮಬ್ಬೆಗಾಗಿ ಅಜಿತಪುರಾಣ ಬರೆದವನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯಲ್ಲಿ ‘ಶ್ರೀ ಕವಿರತ್ನ’ ಎಂಬ ಅಕ್ಷರಗಳಿವೆ; ಅವು ರನ್ನನವೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಕೆಲಸ ಹುಡುಕಿ ಬಂದವನೊಬ್ಬ ಗೋಡೆಯ ಮೇಲೆ ಹೆಸರು ಕೆತ್ತಿದ್ದಾನೆಂದು ಅದನ್ನು ನೋಡಿದರೆ ಅಪಚಾರವಾಗಲಾರದು.

ನನ್ನ ವಿಷಯಕ್ಕೆ ಬರುತ್ತೇನೆ. ಖಾನಾವಳಿಯ ತಾಯಿ ಸಂಜೆ ಐದೂವರೆಗೆ ನನಗೆ ಬಡಿಸುವ ಹೊತ್ತಿಗೆ, ಸಕ್ಕರೆ ಕಾಯಿಲೆಯ ಕಾರಣ ಬೇಗ ಉಣ್ಣುತ್ತಿದ್ದ ಇನ್ನೊಬ್ಬರೂ ಬರುತ್ತಿದ್ದರು. ಸೊರಬದ ಕಡೆಯ ನಿವೃತ್ತ ಶಾಲಾ ಮಾಸ್ತರರು. ಮಗನ ಮನೆಯ ಕಾರಣ ಶಿಕಾರಿಪುರದಲ್ಲಿದ್ದವರು. ನನ್ನ ಟಿಪ್ಪಣಿ ಪುಸ್ತಕ ನೋಡಿ, ತಮ್ಮೂರಿನ ಕೆರೆ ಏರಿಯ ಮೇಲಿನ ವೀರಗಲ್ಲು ಓದಿಕೊಡುವಿರಾ ಎಂದು ಕೇಳಿದರು. ಒಂದು ಭಾನುವಾರ ಅವರೊಡನೆ ಹೋಗಿ ಓದಿದೆ. ತುರುಗೋಳಿನಲ್ಲಿ ಮಡಿದವನೊಬ್ಬನ ಕಲ್ಲು. ಅರ್ಧ ಅಕ್ಷರ ಸವೆದಿತ್ತು. ಅವರು ಬೇರೇನೂ ಹೇಳಲಿಲ್ಲ. ಹದಿನೈದು ದಿನದ ಮೇಲೆ ಒಂದು ಚೀಟಿ ಬರೆದುಕೊಟ್ಟರು. ಸೊರಬದಲ್ಲಿ ಕನ್ನಡದ ಅಧ್ಯಾಪಕಿಯೊಬ್ಬರು ಹೆರಿಗೆ ರಜೆಯ ಮೇಲೆ ಹೋಗುತ್ತಿದ್ದಾರೆ, ಹೋಗಿ ನೋಡಿ ಎಂದರು. ಚೀಟಿಯಲ್ಲಿ ನನ್ನ ಅಂಕ, ಪದವಿಗಳ ಪ್ರಸ್ತಾಪವಿರಲಿಲ್ಲ. ‘ಈ ಹುಡುಗ ಕಲ್ಲು ಓದುತ್ತಾನೆ. ಎರಡು ತಿಂಗಳಿಂದ ನೋಡಿದ್ದೇನೆ’ ಎಂದಷ್ಟೇ ಇತ್ತು.

ನನ್ನ ಮೊದಲ ಸಂಬಳದ ಕೆಲಸ ಅದು. ಕೆಲವೇ ತಿಂಗಳದ್ದು, ಅದರ ಅನುಭವಪತ್ರ ಹಿಡಿದು ಮುಂದಿನದು, ಮುಂದಿನದರಿಂದ ಅದರ ಮುಂದಿನದು. ಖಾನಾವಳಿಯ ಬಾಕಿಯನ್ನು ಎರಡನೆಯ ಸಂಬಳದಲ್ಲಿ ತೀರಿಸಿದೆ. ಗೆರೆಗಳನ್ನೆಲ್ಲ ಎಣಿಸಿ ಹೊಡೆದುಹಾಕಿದ ಆ ತಾಯಿ, “ಸೊರಬದಲ್ಲಿ ಹೊತ್ತಿಗೆ ಮುಂಚೆ ಯಾರು ಬಡಿಸ್ತಾರೆ ನಿಮ್ಗೆ?” ಎಂದು ಕೇಳಿದ್ದು ನೆನಪಿದೆ.

ಸೊರಬದಲ್ಲಿ ಗುಡಿಗಾರರ ಮನೆಯೊಂದು ನಾನಿದ್ದ ಬೀದಿಯಲ್ಲಿಯೇ ಇತ್ತು. ಪೋರ್ಚುಗೀಸರ ಕಾಟಕ್ಕೆ ಗೋವೆ ಬಿಟ್ಟು ಬಂದವರೆಂಬ ಐತಿಹ್ಯ ಈ ಶ್ರೀಗಂಧದ ಕೆತ್ತನೆಗಾರರಲ್ಲಿದೆ. ಅವರು ಬೆಂಡಿನಲ್ಲಿ ಮದುವೆಯ ಬಾಸಿಂಗಗಳನ್ನೂ ಮಾಡುತ್ತಾರೆ. ಉಳಿ ಹಿಡಿದು ಬಂದವನಿಗೆ ಚೀಟಿ ಬೇಡವೆಂದು ನಾನು ಒಮ್ಮೆ ಅಂದುಕೊಂಡಿದ್ದೆ. ಕೈಯ ಕೆಲಸವೇ ಮಾತನಾಡುತ್ತದಲ್ಲ! ಆ ಮನೆಯ ಹಿರಿಯರು ನಕ್ಕು, ಗಂಧದ ಮರ ಸರ್ಕಾರದ್ದು, ಅದನ್ನು ಅಪರಿಚಿತನ ಕೈಗೆ ಯಾರು ಕೊಡುತ್ತಾರೆ ಎಂದರು. ಬೆಂಡು ಮಾತ್ರ ಯಾರೂ ಕೊಡುತ್ತಾರಂತೆ. ಬಾಸಿಂಗ ಕಟ್ಟಿ ಹೆಸರಾದ ಮೇಲೆ ಗಂಧ. ಇದನ್ನು ಅವರು ತಮ್ಮ ಕುಲದ ಚರಿತ್ರೆಯಾಗಿ ಹೇಳಿದರೋ ಹೊಸಬ ಮೇಷ್ಟ್ರಿಗೆ ಬುದ್ಧಿಮಾತಾಗಿ ಹೇಳಿದರೋ, ಎರಡಕ್ಕೂ ಸಲ್ಲುವ ಮಾತು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಆನವಟ್ಟಿಯ ಕಡೆಯವಳು, ವಾಣಿಜ್ಯ ಓದಿ ಕೆನಡಾದ ಒಂಟಾರಿಯೋ ಪ್ರಾಂತಕ್ಕೆ ಹೋದಳು. ಐದು ತಿಂಗಳು ಅರ್ಜಿ ಹಾಕಿದ ಮೇಲೆ ನನಗೆ ಬರೆದಳು. ಎಲ್ಲರೂ ಕೇಳುತ್ತಿದ್ದುದು ‘ಕೆನಡಾದ ಅನುಭವ’ವಂತೆ, ಇಲ್ಲಿ ನಿಮ್ಮ ಕೆಲಸ ನೋಡಿದವರು ಯಾರು ಎಂದಂತೆ. ಕೆಲಸ ಕೊಡದೆ ಅನುಭವ ಕೇಳಿದರೆ ಎಲ್ಲಿಂದ ತರಲಿ ಸರ್ ಎಂದಿದ್ದಳು. ಅಲ್ಲಿಯ ಮಾನವ ಹಕ್ಕುಗಳ ಆಯೋಗ 2013ರಲ್ಲಿಯೇ, ಕೆನಡಾದ ಅನುಭವವನ್ನೇ ಕಡ್ಡಾಯವಾಗಿ ಕೇಳುವುದು ಮೇಲ್ನೋಟಕ್ಕೇ ತಾರತಮ್ಯವೆಂದು ನೀತಿಯೊಂದನ್ನು ಪ್ರಕಟಿಸಿದೆ. ನೀತಿ ಒಳ್ಳೆಯದು. ಆದರೆ ಶಿಕಾರಿಪುರದ ಆ ಹಿರಿಯರು ಕೇಳಿದ ಪ್ರಶ್ನೆಯನ್ನು ಯಾವ ಆಯೋಗವೂ ಜನರ ಮನಸ್ಸಿನಿಂದ ತೆಗೆಯಲಾರದು; ಅದನ್ನು ಇನ್ನೂ ಸಭ್ಯವಾಗಿ ಕೇಳುವಂತೆ ಮಾಡಬಹುದು, ಅಷ್ಟೆ. ಆಕೆಗೆ ಶಿಫಾರಸು ಪತ್ರ ಬರೆದುಕೊಟ್ಟೆ. ನನ್ನ ಪತ್ರ ಅಲ್ಲಿ ಯಾರಿಗೂ ಬೇಕಾಗಲಿಲ್ಲ.

ಆಕೆ ತಾನಿದ್ದ ಬಡಾವಣೆಯ ಗ್ರಂಥಾಲಯದಲ್ಲಿ ಸಂಬಳವಿಲ್ಲದೆ, ವಾರಕ್ಕೆ ಮೂರು ದಿನ ಪುಸ್ತಕ ಜೋಡಿಸುವ ಕೆಲಸಕ್ಕೆ ನಿಂತಳು. ಅಲ್ಲಿಯ ಗ್ರಂಥಪಾಲಕಿ ಮೂರು ತಿಂಗಳು ನೋಡಿ ನಾಲ್ಕು ಸಾಲು ಬರೆದುಕೊಟ್ಟರು. ಆ ನಾಲ್ಕು ಸಾಲಿನ ಮೇಲೆ ಸಾಗಣೆ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಸಿಕ್ಕಿತು. ಆ ಸುದ್ದಿಯನ್ನು ಬರೆದ ಪತ್ರದಲ್ಲಿಯೇ, ಮೊದಲ ಸಂಬಳದಲ್ಲಿ ಆನವಟ್ಟಿಯ ಸೋದರಮಾವನಿಗೆ ಹಣ ಕಳಿಸಿದ್ದಾಗಿ ತಿಳಿಸಿದ್ದಳು. ಅವಳ ಓದಿನ ಸಾಲಕ್ಕೆ ಬ್ಯಾಂಕಿನಲ್ಲಿ ಜಾಮೀನು ನಿಂತವರು ಅವರು.